ಕತ್ತೆಕಿವಿ ಮತ್ತು ಬೆಳದಿಂಗಳು

ನನ್ನ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಹಳೇ ಡ್ರಾಯಿಂಗ್ ಪುಸ್ತಕ ಇದೆ. ಅದರಲ್ಲಿ ತುಂಬಿರುವುದು ಹದಿನಾಲ್ಕು ಪುಟ ಮಾತ್ರ. ಉಳಿದದ್ದೆಲ್ಲ ಖಾಲಿ. ಆ ಹದಿನಾಲ್ಕು ಪುಟಗಳಲ್ಲೂ ಇರುವವರು ನಾಲ್ಕೇ ಜನ. ಒಬ್ಬರಿಗೆ ನರಿಯ ಮೂತಿ. ಒಬ್ಬರಿಗೆ ಹಂದಿಯ ಮೂಗು. ಒಬ್ಬರ ನಾಲಿಗೆ ಎರಡಾಗಿ ಸೀಳಿದೆ. ನಡುವೆ ಕುರ್ಚಿಯಲ್ಲಿ ಕೂತವರಿಗೆ ಉದ್ದುದ್ದ ಕತ್ತೆಕಿವಿ.

ಹನ್ನೆರಡು ವರ್ಷದ ಹಿಂದಿನ ಮಾತು. ಒಂದು ಸಭಾಂಗಣದ ಗೋಡೆಗೆ ದೊಡ್ಡ ಚಿತ್ರ ಬರೆದುಕೊಡಿ ಅಂತ ಕೇಳಿದ್ದರು. ಮೂರು ತಿಂಗಳು ಅದೇ ಧ್ಯಾನದಲ್ಲಿದ್ದೆ. ಅಟ್ಟಣೆ ಕಟ್ಟಿಸಿ, ಹತ್ತಿ ಇಳಿದು, ಅರ್ಧಕ್ಕಿಂತ ಜಾಸ್ತಿ ಗೋಡೆ ಮುಗಿಸಿದ್ದೆ. ಒಂದು ದಿನ ನಾಲ್ಕು ಜನ ನೋಡಲು ಬಂದರು. ಹತ್ತು ನಿಮಿಷ ನಿಂತರು. ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳಿದರು. ಒಂದು ವಾರದ ಮೇಲೆ ಫೋನ್ ಬಂತು, ಇದು ಬೇಡ ಅಂತ. ನಾನು ಹೋಗಿ ನೋಡುವಷ್ಟರಲ್ಲಿ ಗೋಡೆಗೆ ಬಿಳಿ ಬಣ್ಣ ಹೊಡೆಸಿ ಆಗಿತ್ತು.

ಆ ರಾತ್ರಿಯಿಂದ ಶುರುವಾಯಿತು ಈ ಪುಸ್ತಕ. ಹೊಟ್ಟೆಯ ಉರಿ ತಡೆಯಲಾಗದೆ ಬರೆದದ್ದು. ಯಾರಿಗೂ ತೋರಿಸಲಿಲ್ಲ. ತೋರಿಸಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಆದರೆ ನನಗಿಂತ ಸುಮಾರು 430 ವರ್ಷ ಮೊದಲು ಇದೇ ಕೆಲಸ ಮಾಡಿ, ಅದನ್ನು ಊರಿಗೆಲ್ಲ ಕಾಣುವ ಹಾಗೆ ತೂಗುಹಾಕಿದವನೊಬ್ಬ ಇದ್ದ. ಅವನಿಗೆ ಏನಾಯಿತು ಅನ್ನೋದು ಚೆನ್ನಾಗಿ ಗೊತ್ತಿದೆ. ಅವನ ಹೆಸರು ಫೆದೆರಿಕೊ ಜುಕ್ಕಾರೊ, ಇಟಲಿಯ ಚಿತ್ರಕಾರ.

ಅವನ ಕಥೆ ಗೊತ್ತಾದಾಗ ನಾನು ಮ್ಯಾನರಿಸಂ ಕಾಲದ ರೇಖಾಚಿತ್ರಗಳನ್ನು ಸುಮ್ನೆ ಒಂದೊಂದಾಗಿ ನೋಡುತ್ತಿದ್ದೆ. ಆ ಕಾಲದವರಿಗೆ ಒಂದು ವಿಷಯದ ಮೇಲೆ ವಿಪರೀತ ಮೋಹ. ಸದ್ಗುಣಕ್ಕೂ ದುರ್ಗುಣಕ್ಕೂ ಜಗಳ. ಸದ್ಗುಣ ಒಬ್ಬ ಹೆಂಗಸು, ಕೈಯಲ್ಲಿ ಈಟಿ. ಕಾಲಡಿಯಲ್ಲಿ ಅಸೂಯೆಯೋ ಸುಳ್ಳೋ ಅಜ್ಞಾನವೋ ಒದ್ದಾಡುತ್ತಿರುತ್ತದೆ. ಕಥೆ ಹೊಸದೇನಲ್ಲ. ಕ್ರಿಸ್ತಶಕ 400ರ ಸುಮಾರಿಗೇ ಪ್ರುಡೆನ್ಷಿಯಸ್ ಅನ್ನುವ ಲ್ಯಾಟಿನ್ ಕವಿ ಗುಣಗಳನ್ನು ಯುದ್ಧಕ್ಕೆ ಇಳಿಸಿದ್ದ. ನಮಗೆ ಅರಿಷಡ್ವರ್ಗ ಇರುವ ಹಾಗೆ ಅವರಿಗೆ ಏಳು ಮಹಾಪಾಪಗಳು. ಆದರೆ 1500ರ ದಶಕಗಳಲ್ಲಿ ಇಟಲಿಯ ಚಿತ್ರಕಾರರ ಕೈಗೆ ಸಿಕ್ಕಾಗ ಈ ಜಗಳ ಬೇರೆಯೇ ಬಣ್ಣ ಪಡೆಯಿತು.

ಆ ಕಾಲದ ಬಗ್ಗೆ ಎರಡು ಮಾತು. 1520ರಲ್ಲಿ ಮಹಾ ಚಿತ್ರಕಾರ ರಫೇಲ್ ತೀರಿಕೊಂಡ. 1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನ್ಯ ರೋಮ್ ನಗರವನ್ನು ಸೂರೆ ಮಾಡಿತು. ಆ ಹೊತ್ತಿಗೆ ಚಿತ್ರ ಕಲಿಯುತ್ತಿದ್ದ ಹುಡುಗರ ಮುಂದೆ ಎರಡು ಸಂಗತಿ ಒಟ್ಟಿಗೆ ನಿಂತಿದ್ದವು. ಹಿಂದಿನವರು ಎಲ್ಲವನ್ನೂ ಸಾಧಿಸಿಬಿಟ್ಟಿದ್ದರು. ಆದರೆ ಆ ಸಾಧನೆ ಹುಟ್ಟಿದ ಜಗತ್ತು ಕುಸಿಯುತ್ತಿತ್ತು. ಹುಡುಗರು ಮೈ ತಿರುಚಿದ, ಕತ್ತು ಉದ್ದವಾದ, ಬೆರಳು ನೀಳವಾದ ಆಕೃತಿಗಳನ್ನು ಬರೆಯತೊಡಗಿದರು. ಅದಕ್ಕೆ 'ಮಾನಿಯೆರಾ' ಅಂದರು. ಶೈಲಿ ಅಂತ ಅರ್ಥ, ಮ್ಯಾನರಿಸಂ ಅನ್ನುವ ಹೆಸರು ಬಂದದ್ದೂ ಅದರಿಂದಲೇ. ಮೂಲದಲ್ಲಿ ಅದು ಕೈ ಅನ್ನುವ ಪದದಿಂದ ಬಂದದ್ದು. ನಮ್ಮಲ್ಲೂ 'ಅವನ ಕೈ ಚೆನ್ನಾಗಿದೆ' ಅಂತೀವಲ್ಲ, ಹತ್ತಿರ ಹತ್ತಿರ ಅದೇ.

ಇನ್ನೊಂದು ಪದವನ್ನೂ ಇಲ್ಲೇ ಹೇಳಿಬಿಡಬೇಕು. ಇಟಾಲಿಯನ್‌ನಲ್ಲಿ 'ವಿರ್ತು' ಅಂದರೆ ಸದ್ಗುಣ. ಆದರೆ ಆ ಕಾಲದಲ್ಲಿ ಅದಕ್ಕೆ ಪ್ರತಿಭೆ, ಕಸುಬಿನ ಬಲ ಅನ್ನುವ ಅರ್ಥವೂ ಇತ್ತು. ಒಬ್ಬ ಒಳ್ಳೆಯ ಕುಶಲಕರ್ಮಿಗೂ ವಿರ್ತು ಇದೆ ಅನ್ನುತ್ತಿದ್ದರು. ಹಾಗಾಗಿ ಒಬ್ಬ ಚಿತ್ರಕಾರ ಸದ್ಗುಣದ ಗೆಲುವನ್ನು ಬರೆದಾಗ ಒಳಗೊಳಗೇ ಇನ್ನೊಂದು ಮಾತನ್ನೂ ಆಡುತ್ತಿದ್ದ. ನನ್ನ ಕೆಲಸ ಗೆಲ್ಲಬೇಕು, ಅದನ್ನು ನೋಡಿ ಕರುಬುವವರು ಸೋಲಬೇಕು ಅಂತ. ಇದು ತಿಳಿದ ಮೇಲೆ ಆ ಚಿತ್ರಗಳು ನನ್ನ ಕಣ್ಣಿಗೆ ಬೇರೆಯಾಗಿಬಿಟ್ಟವು. ಚರ್ಚಿನ ಉಪದೇಶ ಅಂದುಕೊಂಡಿದ್ದೆ. ಎಷ್ಟೋ ಚಿತ್ರಗಳಲ್ಲಿ ಒಬ್ಬ ಮನುಷ್ಯನ ನೋವೇ ಇತ್ತು.

ಫೆದೆರಿಕೊನ ನೋವು ಹೀಗೆ ಶುರುವಾಯಿತು. ಅವನು ಸಣ್ಣಪುಟ್ಟ ಚಿತ್ರಕಾರ ಅಲ್ಲ. ಚಿತ್ರಕಾರ ಜಾರ್ಜಿಯೊ ವಸಾರಿ 1574ರಲ್ಲಿ ತೀರಿಕೊಂಡಾಗ ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟದ ಒಳಗಿನ ಚಿತ್ರ ಅರ್ಧಕ್ಕೆ ನಿಂತಿತ್ತು. ಅದನ್ನು 1579ರಲ್ಲಿ ಮುಗಿಸಿದವನು ಇವನು. ಆಮೇಲೆ ಪೋಪ್ ಹದಿಮೂರನೇ ಗ್ರೆಗೊರಿ ಅವನನ್ನು ವ್ಯಾಟಿಕನ್ನಿನ ಕೆಲಸಕ್ಕೆ ಕರೆಸಿಕೊಂಡ. ಆ ಹೊತ್ತಿನಲ್ಲೇ ಪೋಪನ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಪಾವೊಲೊ ಗಿಸೆಲ್ಲಿ ಅನ್ನುವವನು ಬೊಲೊನ್ಯಾ ಊರಿನ ಒಂದು ಚರ್ಚಿಗೆ ಚಿತ್ರ ಬರೆಸಿದ. ಬಹಳ ಹಿಂದೆ ಪ್ಲೇಗಿನ ಕಾಲದಲ್ಲಿ ಅದೇ ಹೆಸರಿನ ಸಂತ ಗ್ರೆಗೊರಿ ನಡೆಸಿದ ಮೆರವಣಿಗೆಯ ಚಿತ್ರ ಅದು. ಫೆದೆರಿಕೊ ಬರೆದು ಕಳಿಸಿದ. ಬೊಲೊನ್ಯಾದ ಚಿತ್ರಕಾರರು ಅದರಲ್ಲಿ ತಪ್ಪು ಹುಡುಕಿದರು. ಗಿಸೆಲ್ಲಿ ಅವರ ಮಾತು ಕೇಳಿ ಚಿತ್ರವನ್ನು ಬೇಡ ಅಂದ. ಆ ಜಾಗಕ್ಕೆ ಬೇರೊಬ್ಬನ ಕೈಲಿ ಬರೆಸಿದ.

ಇಷ್ಟು ಓದಿದಾಗ ನನ್ನ ಎದೆ ಒಂದು ಸಲ ಧಸಕ್ಕೆಂದಿತು.

ಫೆದೆರಿಕೊಗೆ ಆಗ ವಯಸ್ಸು ಸುಮಾರು ನಲವತ್ತು. ಅವನು ಒಂದು ದೊಡ್ಡ ಚಿತ್ರ ಬರೆದ. ಹೆಸರು 'ಪೋರ್ತಾ ವಿರ್ತುತಿಸ್', ಸದ್ಗುಣದ ಬಾಗಿಲು. 1581ರ ಅಕ್ಟೋಬರ್ 18ರಂದು ಅದನ್ನು ರೋಮ್‌ನಲ್ಲಿ ಸಂತ ಲೂಕನ ಚರ್ಚಿನ ಹೊರಗೆ ತೂಗುಹಾಕಿದ. ದಿನವನ್ನು ನೋಡಿ. ಸಂತ ಲೂಕ ಚಿತ್ರಕಾರರಿಗೆಲ್ಲ ಕುಲದೇವರು ಇದ್ದ ಹಾಗೆ. ಅವತ್ತು ಅವನ ಹಬ್ಬ. ಊರಿನ ಚಿತ್ರಕಾರರೆಲ್ಲ ಅಲ್ಲಿಗೆ ಬಂದೇ ಬರುತ್ತಾರೆ. ನಾನಾದರೆ ಪುಸ್ತಕವನ್ನು ಬಟ್ಟೆಯ ಕೆಳಗೆ ಬಚ್ಚಿಟ್ಟೆ. ಅವನು ಜಾತ್ರೆಯ ದಿನವೇ ಬಾಗಿಲಿಗೆ ಕಟ್ಟಿದ.

ತೂಗುಹಾಕಿದ ಆ ದೊಡ್ಡ ಹಾಳೆ ಈಗ ಇಲ್ಲ. ಆದರೆ ಅದೇ ಕಲ್ಪನೆಯ ರೇಖಾಚಿತ್ರಗಳು ಉಳಿದಿವೆ. ಒಂದು ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿ, ಇನ್ನೊಂದು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ. ಆಮೇಲೆ ಬಣ್ಣದಲ್ಲಿ ಬರೆದ ಒಂದು ಚಿತ್ರ ಉರ್ಬಿನೊ ಊರಿನ ಅರಮನೆಯಲ್ಲಿದೆ. ನಾನು ನೋಡಿದ್ದು ಕಂಪ್ಯೂಟರ್ ಪರದೆಯ ಮೇಲೆ. ಇಂಥ ಹಳೆಯ ಹಾಳೆಗಳನ್ನು ಎದುರಿಗೆ ಕಾಣುವುದು ಕಷ್ಟ. ಶಾಯಿಗೂ ಕಾಗದಕ್ಕೂ ಬೆಳಕು ಆಗುವುದಿಲ್ಲ. ಕೆಲವು ವಾರ ಗೋಡೆಗೆ ಬಂದರೆ ಮತ್ತೆ ಎಷ್ಟೋ ಕಾಲ ಪೆಟ್ಟಿಗೆಯ ಕತ್ತಲಲ್ಲೇ ಇರುತ್ತವೆ. ಪರದೆಯಲ್ಲಿ ಒಂದು ಲಾಭ ಇದೆ. ಒಂದು ಬೆರಳಿನಷ್ಟು ಜಾಗವನ್ನು ಮುಖದಷ್ಟು ದೊಡ್ಡದು ಮಾಡಿಕೊಂಡು ಗಂಟೆಗಟ್ಟಲೆ ನೋಡಬಹುದು.

ನಡುವೆ ಒಂದು ದೊಡ್ಡ ಬಾಗಿಲು. ಬಾಗಿಲಲ್ಲಿ ಮಿನರ್ವಾ, ವಿದ್ಯೆಯ ದೇವತೆ, ಗೆದ್ದು ನಿಂತಿದ್ದಾಳೆ. ಅವಳ ಹಿಂದೆ ಬಾಗಿಲಿನ ಒಳಗಡೆ ಒಂದು ಚೆಂದದ ತೋಟ ಕಾಣುತ್ತದೆ. ಹೊರಗಡೆ, ನಮ್ಮ ಕಡೆಗೆ, ಬರಡು ನೆಲ. ಅಲ್ಲಿ ಅಸೂಯೆ ಇದೆ. ಪ್ರಾಣಿಗಳಿವೆ. ಕತ್ತೆಕಿವಿಯ ಒಬ್ಬ ಇದ್ದಾನೆ, ಅವನ ಅಕ್ಕಪಕ್ಕದಲ್ಲಿ ಹೊಗಳುಭಟರು.

ಕತ್ತೆಕಿವಿ ಎಲ್ಲಿಂದ ಬಂತು ಅನ್ನೋದು ಆ ಕಾಲದ ಓದಿದವರಿಗೆಲ್ಲ ಗೊತ್ತಿತ್ತು. ಮಿಡಾಸ್ ದೊರೆಯ ಹಳೇ ಕಥೆ. ಅಪೊಲೊ ದೇವರ ಸಂಗೀತಕ್ಕಿಂತ ಪ್ಯಾನ್ ಊದಿದ ಕೊಳಲೇ ಚೆಂದ ಅಂತ ತೀರ್ಪು ಕೊಟ್ಟ. ದೇವರು ಅವನಿಗೆ ಕತ್ತೆಕಿವಿ ಬರಿಸಿದ. ಅಂದರೆ ಕತ್ತೆಕಿವಿ ಬರುವುದು ಪಾಪಿಗೆ ಅಲ್ಲ. ಗೊತ್ತಿಲ್ಲದೆ ತೀರ್ಪು ಕೊಟ್ಟವನಿಗೆ. ನನಗೆ ಈ ಕಥೆ ಗೊತ್ತಿರಲಿಲ್ಲ. ಆದರೂ ನನ್ನ ಪುಸ್ತಕದಲ್ಲಿ ಕುರ್ಚಿಯಲ್ಲಿ ಕೂತವರಿಗೆ ಅದೇ ಕಿವಿ ಬಂದಿತ್ತು. ಕೋಪಕ್ಕೂ ಒಂದು ಪರಂಪರೆ ಇರುತ್ತೇನೋ.

ಚಿತ್ರ ನೋಡಿದವರಿಗೆಲ್ಲ ಇದು ಯಾರ ಬಗ್ಗೆ ಅಂತ ಅರ್ಥವಾಯಿತು. ಪೋಪ್ ಗ್ರೆಗೊರಿಗೆ ಸಿಟ್ಟು ಬಂತು. ಅವನ ಹುಟ್ಟೂರೂ ಬೊಲೊನ್ಯಾನೇ ಅಲ್ವಾ. ಫೆದೆರಿಕೊನ ಮೇಲೆ ಮೊಕದ್ದಮೆ ಹೂಡಿದರು. ಅವನ ಶಿಷ್ಯ ದೊಮೆನಿಕೊ ಪಸ್ಸಿನ್ಯಾನೊ ಕೂಡ ಅದರಲ್ಲಿ ಸಿಕ್ಕಿಬಿದ್ದ. ವಿಚಾರಣೆಯಲ್ಲಿ ಫೆದೆರಿಕೊ ಹೇಳಿದ್ದು ಇಷ್ಟು: ಇದು ಯಾರೊಬ್ಬರ ಬಗ್ಗೆಯೂ ಅಲ್ಲ, ಸದ್ಗುಣ ದುರ್ಗುಣಗಳ ಬಗ್ಗೆ ಸಾಮಾನ್ಯವಾಗಿ ಬರೆದದ್ದು.

ಈ ಮಾತನ್ನು ನಾನು ತುಂಬಾ ದಿನ ಮನಸ್ಸಿನಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ. ಅದು ಸುಳ್ಳು ಅಂತ ಒಂದೇ ಏಟಿಗೆ ಹೇಳಿಬಿಡಬಹುದು. ಆದರೆ ಪೂರ್ತಿ ಸುಳ್ಳೂ ಅಲ್ಲ. ಒಬ್ಬ ಮನುಷ್ಯನಿಂದ ಆದ ನೋವು ಕಾಗದದ ಮೇಲೆ ಇಳಿಯುವಾಗ ಆ ಮನುಷ್ಯ ಸ್ವಲ್ಪ ಸ್ವಲ್ಪವೇ ಮರೆಯಾಗುತ್ತಾನೆ. ಮೊದಲ ರಾತ್ರಿ ನಾನು ಬರೆದ ನರಿಮೂತಿಯವರಿಗೆ ಅವರದೇ ಕನ್ನಡಕ ಇತ್ತು, ಅವರದೇ ಬೋಳುತಲೆ ಇತ್ತು. ಎಂಟನೇ ಪುಟಕ್ಕೆ ಬರುವಾಗ ಕನ್ನಡಕ ಹೋಗಿದೆ. ಹನ್ನೆರಡನೇ ಪುಟದಲ್ಲಿ ಬರೀ ನರಿ. ಅದು ಅವರೂ ಹೌದು, ಅವರಲ್ಲದೆಯೂ ಹೌದು. ರೂಪಕ ಅನ್ನುವುದು ಹೀಗೆಯೇ ಹುಟ್ಟುತ್ತೆ ಅನ್ನುವುದನ್ನು ನಾನು ಯಾವ ಪುಸ್ತಕ ಓದಿಯೂ ತಿಳಿದದ್ದಲ್ಲ.

ನ್ಯಾಯಾಲಯ ಒಪ್ಪಲಿಲ್ಲ. ಫೆದೆರಿಕೊನನ್ನು ರೋಮ್‌ನಿಂದ ಹೊರಗೆ ಹಾಕಿದರು. ವ್ಯಾಟಿಕನ್ನಿನ ಕೆಲಸ ಅರ್ಧಕ್ಕೆ ನಿಂತಿತು. ಅವನು ವೆನಿಸ್ಸಿಗೆ ಹೋಗಿ ಅಲ್ಲಿನ ಅರಮನೆಯಲ್ಲಿ ಚಿತ್ರ ಬರೆದ. 1583ರಲ್ಲಿ ಕ್ಷಮೆ ಸಿಕ್ಕಿತು, ವಾಪಸ್ ಬಂದು ನಿಂತ ಕೆಲಸ ಮುಗಿಸಿದ.

ಅಷ್ಟಕ್ಕೆ ಕಥೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ನನಗೆ ಆ ಬಾಗಿಲಿನ ಚಿತ್ರವನ್ನು ನಕಲು ಮಾಡುವ ಆಸೆ ಹುಟ್ಟಿತು. ಒಂದು ಚಿತ್ರವನ್ನು ತಿಳಿಯಬೇಕಾದರೆ ಅದನ್ನು ಕೈಯಲ್ಲಿ ಬರೆದೇ ನೋಡಬೇಕು. ಕಣ್ಣು ಮೋಸ ಹೋಗುತ್ತೆ, ಕೈ ಅಷ್ಟು ಬೇಗ ಹೋಗಲ್ಲ.

ಆ ಕಾಲದವರ ಕ್ರಮ ಇದು. ಮೊದಲು ಕರಿ ಚಾಕಿನಲ್ಲಿ ತೆಳುವಾಗಿ ಗೆರೆ. ಅದರ ಮೇಲೆ ಹಕ್ಕಿಯ ಗರಿಯ ಲೇಖನಿಯಿಂದ ಕಂದು ಶಾಯಿ. ಆಮೇಲೆ ಶಾಯಿಗೆ ನೀರು ಬೆರೆಸಿ ಕುಂಚದಿಂದ ನೆರಳು ಬಳಿಯುವುದು. ನಾನು ಗರಿಯ ಬದಲು ನಿಬ್ಬು ತೆಗೆದುಕೊಂಡೆ. ಉಳಿದದ್ದೆಲ್ಲ ಅವರ ಹಾಗೇ ಮಾಡಿದೆ.

ಕೆಳಗಿನ ಮೂಲೆಯಿಂದ ಶುರು ಮಾಡಿದೆ, ಅಸೂಯೆ ಇರುವ ಕಡೆಯಿಂದ. ಆ ಕಾಲದವರು ಅಸೂಯೆಯನ್ನು ಬರೆಯುವ ಬಗೆಯೇ ಭಯಂಕರ. ಒಣಗಿದ ಮುದುಕಿ, ಸುತ್ತ ಹಾವು. ಅವಳು ತನ್ನ ಹೃದಯವನ್ನು ತಾನೇ ತಿನ್ನುತ್ತಾಳೆ ಅನ್ನುವ ಮಾತೂ ಇತ್ತು. ಇಂಥ ಮೈ ಬರೆಯುವಾಗ ನಿಬ್ಬು ತಾನೇ ಓಡುತ್ತದೆ. ಒಂದು ಗೆರೆ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ಕತ್ತಿನ ನರ, ಮೊಣಕೈಯ ಮೂಳೆ, ಬಾಯಿಯ ಸೊಟ್ಟ, ಎಲ್ಲ ಬರೆಯುವ ಕೈಗೆ ಹಬ್ಬ. ಕತ್ತೆಕಿವಿಯವನೂ ಅಷ್ಟೇ. ಒಂದು ಸಂಜೆಯಲ್ಲಿ ಅವನು ಮುಗಿದ.

ಮಿನರ್ವಾಳ ಹತ್ತಿರ ಬಂದೆ. ಕೈ ನಿಂತುಹೋಯಿತು. ಮೂರು ಸಲ ಬರೆದು ಮೂರು ಸಲವೂ ಹರಿದೆ. ಮುಖ ಚೆಂದವೇ, ಆದರೆ ಅದರಲ್ಲಿ ಹಿಡಿಯಲು ಏನೂ ಇಲ್ಲ. ಅವಳಿಗೆ ಏನೂ ಆಗಿಲ್ಲ. ಅವಳು ಯಾರಿಗೋ ಕಾದಿಲ್ಲ, ಯಾವುದಕ್ಕೋ ಹೆದರಿಲ್ಲ, ಹಸಿದಿಲ್ಲ. ಗೆದ್ದು ನಿಂತಿದ್ದಾಳೆ, ಅಷ್ಟೇ.

ಅವತ್ತಿನಿಂದ ಇಂಥ ಎಲ್ಲ ಚಿತ್ರಗಳಲ್ಲೂ ಇದನ್ನೇ ಹುಡುಕತೊಡಗಿದೆ. ಯಾಕೊಪೊ ಲಿಗೊತ್ಸಿ ಅಂತ ಒಬ್ಬನಿದ್ದ. ಫ್ಲಾರೆನ್ಸಿನ ಮೆದಿಚಿ ಮನೆತನದ ಆಸ್ಥಾನದಲ್ಲಿ ಗಿಡ, ಹಕ್ಕಿ, ಮೀನುಗಳನ್ನು ಒಂದೊಂದು ಎಲೆ, ಒಂದೊಂದು ಗರಿ ಬಿಡದೆ ಬರೆದವನು. 1590ರಲ್ಲಿ ಅವನು ದುರಾಸೆಯ ಚಿತ್ರ ಬರೆದ. ಅದು ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕಂದು ಕಾಗದ, ಕಂದು ಶಾಯಿ. ಬೆಳಕು ಬೀಳುವ ಕಡೆಯೆಲ್ಲ ಬಿಳಿಯ ಬದಲು ಚಿನ್ನ ಹಚ್ಚಿದ್ದಾನೆ. ನಿಜವಾದ ಚಿನ್ನ. ಅವನು ಬೇಕೆಂದೇ ಹಾಗೆ ಮಾಡಿದನೋ ಇಲ್ಲವೋ, ದುರಾಸೆಯನ್ನು ಬಂಗಾರದಲ್ಲೇ ಬರೆದಿದ್ದಾನೆ. ನೋಡುವವನ ಕಣ್ಣೂ ಮೊದಲು ಆ ಮಿನುಗಿನ ಕಡೆಗೇ ಹೋಗುತ್ತದೆ. ಚಿತ್ರ ನಮ್ಮನ್ನು ಬೈಯುವುದಿಲ್ಲ. ನಾವು ಏನೆಂದು ಮೆಲ್ಲಗೆ ತೋರಿಸಿಕೊಡುತ್ತದೆ.

ಮತ್ತೊಂದು ವಿಷಯ ಕಣ್ಣಿಗೆ ಬಿತ್ತು. ಗೆದ್ದವಳ ಮೈಯೂ ಸೋತವನ ಮೈಯೂ ಒಂದೇ ತರಹ ತಿರುಚಿಕೊಂಡಿರುತ್ತದೆ. ಲೊಮಾತ್ಸೊ ಅನ್ನುವ ಚಿತ್ರಕಾರ 1584ರಲ್ಲಿ ಬರೆದದ್ದರ ಪ್ರಕಾರ, ಆಕೃತಿ ಹಾವಿನ ಹಾಗೆ ಸುರುಳಿಯಾಗಿರಬೇಕು ಅಂತ ಮೈಕೆಲೆಂಜಲೋ ತನ್ನ ಶಿಷ್ಯನೊಬ್ಬನಿಗೆ ಹೇಳಿದ್ದನಂತೆ. ಆಮೇಲಿನವರೆಲ್ಲ ಅದನ್ನೇ ಮಾಡಿದರು. ಅದರಿಂದ ಒಂದು ವಿಚಿತ್ರ ಆಯಿತು. ಸೋತವನ ಸುರುಳಿಯ ಮೇಲೆ ಗೆದ್ದವಳ ಸುರುಳಿ ಕೂತಿರುತ್ತದೆ. ಇಬ್ಬರ ಹೆಸರನ್ನೂ ಮುಚ್ಚಿಟ್ಟು ಮೈಗಳನ್ನು ಮಾತ್ರ ನೋಡಿದರೆ ಯಾರು ಒಳ್ಳೆಯವರು ಅಂತ ಹೇಳುವುದು ಕಷ್ಟ. ಇಬ್ಬರನ್ನೂ ಒಂದೇ ಹಗ್ಗದಿಂದ ಹೊಸೆದ ಹಾಗಿರುತ್ತದೆ.

ಇದನ್ನು ಬಾಯಿಬಿಟ್ಟು ಹೇಳಿದವನು ಜಾರ್ಜಿಯೊ ವಸಾರಿ. ಕಲಾವಿದರ ಜೀವನಗಳನ್ನು ಬರೆದು 1550ರಲ್ಲಿ ಅಚ್ಚು ಹಾಕಿಸಿದವನೂ ಅವನೇ. ಅರೆತ್ಸೊ ಊರಿನಲ್ಲಿ ಅವನ ಸ್ವಂತ ಮನೆ ಈಗಲೂ ಇದೆ. ಅದರ ಒಂದು ಕೋಣೆಯ ಮೇಲ್ಛಾವಣಿಗೆ 1548ರಲ್ಲಿ ಅವನೊಂದು ಚಿತ್ರ ಬರೆದ. ಸದ್ಗುಣ ಅಸೂಯೆಯನ್ನು ಕಾಲಡಿಯಲ್ಲಿ ತುಳಿದಿದ್ದಾಳೆ, ಅದೃಷ್ಟವನ್ನು ಜುಟ್ಟು ಹಿಡಿದಿದ್ದಾಳೆ, ಇಬ್ಬರಿಗೂ ಹೊಡೆಯುತ್ತಿದ್ದಾಳೆ. ಅದು ಎಲ್ಲರೂ ಬರೆಯುವ ಚಿತ್ರವೇ. ಆದರೆ ಕೆಳಗೆ ಕೋಣೆಯಲ್ಲಿ ನಡೆದಾಡುತ್ತಾ ತಲೆಯೆತ್ತಿ ನೋಡಿದರೆ ಒಂದು ಕಡೆಯಿಂದ ಅದೃಷ್ಟ ಮೇಲಿರುವ ಹಾಗೆ ಕಾಣುತ್ತದೆ. ಇನ್ನೊಂದು ಕಡೆಗೆ ಬಂದರೆ ಸದ್ಗುಣ ಮೇಲೆ. ಬೇಕೆಂದೇ ಹಾಗೆ ಮಾಡಿದ್ದು. ಇದು ಆಗ ಜನಕ್ಕೆ ತುಂಬಾ ಹಿಡಿಸಿತು, ಬದುಕಿನಲ್ಲೂ ಎಷ್ಟೋ ಸಲ ಹೀಗೇ ಆಗುತ್ತಲ್ಲ ಅಂತ ವಸಾರಿಯೇ ತನ್ನ ಬಗ್ಗೆ ಬರೆದುಕೊಂಡ ಭಾಗದಲ್ಲಿ ಹೇಳಿದ್ದಾನೆ.

ಆ ಕೋಣೆಯನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ಸುತ್ತಿದ್ದೇನೋ. ಕಿಟಕಿಯ ಹತ್ತಿರ ನಿಂತರೆ ನನ್ನ ಗೋಡೆಗೆ ಬಿಳಿ ಬಣ್ಣ ಹೊಡೆದವರು ಕೆಟ್ಟವರು. ಬಾಗಿಲ ಹತ್ತಿರ ಬಂದರೆ, ಅವತ್ತು ಆ ಚಿತ್ರದಲ್ಲಿ ಎಡಗಡೆಯ ಗುಂಪು ಸರಿಯಾಗಿ ಕೂತಿರಲಿಲ್ಲ ಅನ್ನುವುದು ನನಗೇ ಗೊತ್ತಿತ್ತು.

ಫೆದೆರಿಕೊನ ಕೋಪಕ್ಕೆ ಮತ್ತೆ ಬರುತ್ತೇನೆ. ಅದು 1581ರಲ್ಲಿ ಹುಟ್ಟಿದ್ದಲ್ಲ. ಅವನಿಗೊಬ್ಬ ಅಣ್ಣ ಇದ್ದ, ತದ್ದೇಯೊ. ಅವನೂ ಚಿತ್ರಕಾರ, ತಮ್ಮನಿಗೆ ಕೆಲಸ ಕಲಿಸಿದವನು. ಫೆದೆರಿಕೊ ಇನ್ನೂ ಎಳೆಯ ಹುಡುಗ, ಒಂದು ಮನೆಯ ಹೊರಗೋಡೆಗೆ ತಾನೊಬ್ಬನೇ ಚಿತ್ರ ಬರೆಯುತ್ತಿದ್ದ. ಅಣ್ಣ ಬಂದು ಅಲ್ಲಲ್ಲಿ ತಿದ್ದಿದ. ತಮ್ಮನಿಗೆ ತಡೆಯಲಾಗಲಿಲ್ಲ. ಗಾರೆಯವರ ಸುತ್ತಿಗೆ ತೆಗೆದುಕೊಂಡು ಅಣ್ಣ ತಿದ್ದಿದ ಜಾಗವನ್ನು ಕೆತ್ತಿ ಕೆಳಗೆ ಬೀಳಿಸಿದ. ಇದನ್ನು ಬರೆದಿಟ್ಟವನೂ ವಸಾರಿಯೇ. ಸ್ನೇಹಿತರು ನಡುವೆ ಬಂದು ಇಬ್ಬರನ್ನೂ ಸಮಾಧಾನ ಮಾಡಿದರಂತೆ. ತದ್ದೇಯೊ 1566ರಲ್ಲಿ ತೀರಿಕೊಂಡ. ಬರೀ ಮೂವತ್ತೇಳು ವರ್ಷ. ರೋಮ್‌ನ ಪ್ಯಾಂಥಿಯನ್ನಿನಲ್ಲಿ, ರಫೇಲ್‌ನ ಸಮಾಧಿಯ ಹತ್ತಿರವೇ ಅವನನ್ನು ಮಣ್ಣು ಮಾಡಿದರು. ಅವನು ಬಿಟ್ಟುಹೋದ ಕೆಲಸವನ್ನು ಸುತ್ತಿಗೆ ಹಿಡಿದ ತಮ್ಮನೇ ಮುಂದುವರಿಸಿದ.

ಅಣ್ಣ ಸತ್ತು ಸುಮಾರು ಮೂವತ್ತು ವರ್ಷ ಆದ ಮೇಲೆ, 1595ರ ಹೊತ್ತಿಗೆ, ಫೆದೆರಿಕೊ ಇಪ್ಪತ್ತು ರೇಖಾಚಿತ್ರಗಳ ಒಂದು ಸರಣಿ ಬರೆದ. ಆಗ ಅವನು ದೊಡ್ಡ ಹೆಸರು. ರೋಮ್‌ನ ಚಿತ್ರಕಾರರ ಅಕಾಡೆಮಿಗೆ ಮೊದಲ ಮುಖ್ಯಸ್ಥ. ಸ್ವಂತಕ್ಕೊಂದು ಅರಮನೆಯಂಥ ಮನೆ ಕಟ್ಟಿಸುತ್ತಿದ್ದ. ಆ ಮನೆಯ ತೋಟದ ಬಾಗಿಲು ಬಾಯಿ ತೆರೆದ ರಾಕ್ಷಸನ ಮುಖ. ಇವತ್ತೂ ಹೋದರೆ ನೋಡಬಹುದು. ಈ ಸರಣಿಯ ವಿಷಯ ಅಣ್ಣನ ಬಾಲ್ಯ. ಅದೀಗ ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಂನಲ್ಲಿದೆ.

ಇಲ್ಲೂ ಗುಣಗಳು ಮನುಷ್ಯರಾಗಿ ಬರುತ್ತವೆ. ಆದರೆ ಎಷ್ಟು ಬೇರೆ! ಹದಿನಾಲ್ಕು ವರ್ಷದ ತದ್ದೇಯೊ ಸಾಂತ್ ಆಂಜೆಲೊ ಇನ್ ವಾದೊ ಅನ್ನುವ ಸಣ್ಣ ಊರಿನಿಂದ ರೋಮ್‌ನ ಹೆಬ್ಬಾಗಿಲಿಗೆ ಬಂದು ನಿಲ್ಲುತ್ತಾನೆ. ಅವನನ್ನು ಎದುರುಗೊಳ್ಳುವವರು ಯಾರು? ಚಾಕರಿ, ಕಷ್ಟ, ದುಡಿಮೆ. ಜೊತೆಗೆ ವಿಧೇಯತೆ ಮತ್ತು ತಾಳ್ಮೆ. ಮತ್ತೆ ಒಂದು ಬಾಗಿಲು. ಹದಿನಾಲ್ಕು ವರ್ಷ ಹಿಂದೆ ಇದೇ ಕೈ ಬರೆದ ಬಾಗಿಲಲ್ಲಿ ದೇವತೆ ಈಟಿ ಹಿಡಿದು ನಿಂತಿದ್ದಳು. ಈ ಬಾಗಿಲಲ್ಲಿ ಬಡ ಹುಡುಗನಿಗೆ ಮುಂದೆ ಕಾದಿರುವ ದಿನಗಳೇ ನಿಂತಿವೆ.

ಹುಡುಗ ಒಬ್ಬ ನೆಂಟನ ಹತ್ತಿರ ಹೋಗುತ್ತಾನೆ. ಆ ನೆಂಟನೂ ಚಿತ್ರಕಾರ. ಅವನು ಸೇರಿಸುವುದಿಲ್ಲ. ಆಮೇಲೆ ಕಲಾಬ್ರೆಸೆ ಅನ್ನುವ ಚಿತ್ರಕಾರನ ಮನೆಯಲ್ಲಿ ಕೆಲಸಕ್ಕೆ ನಿಲ್ಲುತ್ತಾನೆ. ಅಲ್ಲಿ ಹಗಲೂ ರಾತ್ರಿ ಬಣ್ಣ ಅರೆಯುವ ಕೆಲಸ. ಮನೆಯೊಡತಿ ರೊಟ್ಟಿಯ ಬುಟ್ಟಿಯನ್ನು ಸೂರಿಗೆ ತೂಗುಹಾಕಿ ಅದಕ್ಕೆ ಗಂಟೆ ಕಟ್ಟಿರುತ್ತಾಳೆ. ಹುಡುಗ ಕೈ ಹಾಕಿದರೆ ಗಂಟೆ ಸದ್ದು ಮಾಡಬೇಕು. ಮನೆಯಲ್ಲಿ ರಫೇಲ್ ಬರೆದ ಕೆಲವು ರೇಖಾಚಿತ್ರಗಳಿವೆ, ಹುಡುಗನಿಗೆ ಅವನ್ನು ನೋಡಲು ಬಿಡುವುದಿಲ್ಲ.

ಗಂಟೆ ಕಟ್ಟಿದ ಬುಟ್ಟಿ. ಇದನ್ನು ಮೊದಲ ಸಲ ಓದಿದಾಗ ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಹಸಿವನ್ನು ಯಾವ ರಾಕ್ಷಸನ ಮುಖವೂ ಹೀಗೆ ಹೇಳಲಾರದು.

ಆಮೇಲೆ ಹುಡುಗ ಊರೆಲ್ಲ ಸುತ್ತಿ ಚಿತ್ರ ಬರೆಯುತ್ತಾನೆ. ವ್ಯಾಟಿಕನ್ನಿನ ಅಂಗಳದಲ್ಲಿ ಲಾವೊಕೊವನ್ ಶಿಲ್ಪದ ಮುಂದೆ ಕೂತು ಬರೆಯುತ್ತಾನೆ. ಮೈಕೆಲೆಂಜಲೋನ ದೊಡ್ಡ ಗೋಡೆಚಿತ್ರದ ಮುಂದೆ ಬರೆಯುತ್ತಾನೆ. ಫಾರ್ನೆಸಿನಾ ಮನೆಯಲ್ಲಿ ರಫೇಲ್‌ನ ಚಿತ್ರಗಳನ್ನು ನಕಲು ಮಾಡುತ್ತಾನೆ. ಆ ಒಂದೇ ಹಾಳೆಯಲ್ಲಿ ಅವನು ಎರಡು ಸಲ ಇದ್ದಾನೆ. ಒಂದು ಕಡೆ ಬರೆಯುತ್ತಿದ್ದಾನೆ, ಇನ್ನೊಂದು ಕಡೆ ಅಲ್ಲೇ ನಿದ್ದೆ ಹೋಗಿದ್ದಾನೆ. ಕೊನೆಗೆ ಜ್ವರ ಬಂದು ಊರಿಗೆ ಹೊರಡುತ್ತಾನೆ. ದಾರಿಯಲ್ಲಿ ಹೊಳೆಯ ದಡದಲ್ಲಿ ಮಲಗಿ ಎದ್ದಾಗ ಅಲ್ಲಿನ ಕಲ್ಲುಗಳ ಮೇಲೆಲ್ಲ ರೋಮ್‌ನ ಗೋಡೆಗಳಲ್ಲಿ ಕಂಡ ಚಿತ್ರಗಳೇ ಕಾಣುತ್ತವೆ. ಜ್ವರದ ಕಣ್ಣು. ಚೆಂದದ ಕಲ್ಲುಗಳನ್ನು ಆರಿಸಿ, ಚೀಲಕ್ಕೆ ತುಂಬಿ, ಹೊತ್ತುಕೊಂಡು ಅಪ್ಪ ಅಮ್ಮನ ಹತ್ತಿರ ಬರುತ್ತಾನೆ.

ವಾಸಿಯಾದ ಮೇಲೆ ಮತ್ತೆ ರೋಮ್. ಈ ಸಲ ಜೊತೆಗೆ ಇಬ್ಬರು ನಡೆಯುತ್ತಾರೆ. ಒಬ್ಬರ ಹೆಸರು ರೇಖೆ, ಇನ್ನೊಬ್ಬರ ಹೆಸರು ಚೈತನ್ಯ. 1548ರಲ್ಲಿ, ಹದಿನೆಂಟರ ವಯಸ್ಸಿಗೆ, ಅವನು ಮತ್ತೇಯಿ ಅರಮನೆಯ ಹೊರಗೋಡೆಗೆ ಚಿತ್ರ ಬರೆದು ಊರಿಗೆಲ್ಲ ಹೆಸರಾದ. ಆ ಹಾಳೆಯೂ ಇದೆ. ಅಟ್ಟಣೆಯ ಮೇಲೆ ಹುಡುಗ, ಕೆಳಗೆ ನಿಂತು ನೋಡುವವರಲ್ಲಿ ಮೈಕೆಲೆಂಜಲೋ ಕೂಡ.

ನನಗೂ ಒಬ್ಬ ಅಣ್ಣ ಇದ್ದ. ಬೋರ್ಡ್ ಬರೆಯುತ್ತಿದ್ದ. ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಊರಹಬ್ಬದ ಬ್ಯಾನರು. ದಾರಕ್ಕೆ ಸೀಮೆಸುಣ್ಣ ಉಜ್ಜಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಬ್ಯಾನರ್ ಬಟ್ಟೆಯ ಮೇಲೆ ಗೆರೆ ಹೊಡೆಯುವುದನ್ನು ಕಲಿಸಿದವನು ಅವನು. 'ಗೆರೆ ಎಳೆಯೋವಾಗ ಉಸಿರು ಹಿಡ್ಕೋ, ತುದಿ ಮುಟ್ಟಿದ ಮೇಲೆ ಬಿಡು' ಅನ್ನುತ್ತಿದ್ದ. ಈಗಲೂ ಉದ್ದ ಗೆರೆ ಎಳೆಯುವಾಗ ನನ್ನ ಉಸಿರು ತಾನಾಗಿ ನಿಲ್ಲುತ್ತದೆ. ಫ್ಲೆಕ್ಸ್ ಬಂದು ಅವನ ಕೆಲಸ ಹೋಯಿತು. ಆಮೇಲೆ ಅವನೂ ಹೋದ. ನಾನು ಡ್ರಾಯಿಂಗ್ ಪುಸ್ತಕದಲ್ಲಿ ನಾಲ್ಕು ಜನರನ್ನು ಹದಿನಾಲ್ಕು ಸಲ ಬರೆದಿದ್ದೇನೆ. ಅಣ್ಣನನ್ನು ಒಂದು ಸಲವೂ ಬರೆದಿಲ್ಲ.

ಫೆದೆರಿಕೊನ ಸರಣಿಯಲ್ಲಿ ನಾನು ಈಗ ನಕಲು ಮಾಡುತ್ತಿರುವುದು ಒಂದೇ ಹಾಳೆ. ಕಲಾಬ್ರೆಸೆಯ ಮನೆಯಲ್ಲಿ ರಾತ್ರಿ ದೀಪ ಹಚ್ಚಿಕೊಳ್ಳಲು ಹುಡುಗನಿಗೆ ಎಣ್ಣೆ ಸಿಗುವುದಿಲ್ಲ. ಹಗಲೆಲ್ಲ ಬಣ್ಣ ಅರೆದು ಕೈ ಸೋತಿದೆ. ಅವನು ಕಿಟಕಿಯ ಹತ್ತಿರ ಹೋಗಿ ಬೆಳದಿಂಗಳಲ್ಲಿ ಚಿತ್ರ ಬರೆಯುತ್ತಾನೆ. ಇದರಲ್ಲಿ ಈಟಿ ಇಲ್ಲ, ತುಳಿಸಿಕೊಂಡವರಿಲ್ಲ. ಬಾಗಿದ ಬೆನ್ನು, ಕಾಗದ ಹಿಡಿದ ಕೈ, ಅಷ್ಟೇ. ಈ ಮುಖದ ಹತ್ತಿರ ಬಂದಾಗ ನನ್ನ ನಿಬ್ಬು ನಿಲ್ಲಲಿಲ್ಲ.

ಕಷ್ಟವಾದದ್ದು ಬೆಳಕು. ಗೋಡೆಯ ನೆರಳಿಗೆ ತೆಳು ಶಾಯಿ ಬಳಿದೆ, ಒಣಗಿದ ಮೇಲೆ ಇನ್ನೊಂದು ಪದರ ಬಳಿದೆ. ಬೆಳದಿಂಗಳಿಗೆ ಏನು ಬಳಿದಿದ್ದಾನೆ ಅಂತ ಪರದೆಯಲ್ಲಿ ಆ ಜಾಗವನ್ನು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ನೋಡಿದೆ. ಅಲ್ಲಿ ಏನೂ ಬಳಿದಿಲ್ಲ. ಸುತ್ತಲೂ ಕತ್ತಲನ್ನು ತುಂಬಿಸಿ, ಹುಡುಗನ ಹತ್ತಿರ ಬಂದಾಗ ಕುಂಚ ಎತ್ತಿಬಿಟ್ಟಿದ್ದಾನೆ. ಆ ಬೆಳಕು ಬರೀ ಕಾಗದ.